ಬ್ಲಾಗ್ ಇಟ್ಟುಕೊಂಡವರಿಗೆ ಫೈರ್‌ಫಾಕ್ಸ್ ಹೇಗಿದೆ?

ಬ್ರೌಸರ್ ವಿಮರ್ಶೆ ಅಂದರೆ ಸಾಮಾನ್ಯವಾಗಿ ಎರಡೇ ಮಾತು. ಯಾವುದು ಫಾಸ್ಟು, ಯಾವುದು ಜಾಸ್ತಿ ಮೆಮೊರಿ ತಿನ್ನುತ್ತದೆ. ನನಗೆ ಎರಡರಲ್ಲೂ ಅಷ್ಟೇನೂ ಆಸಕ್ತಿ ಇಲ್ಲ. ಎಲ್ಲ ಬ್ರೌಸರೂ ಓಡುತ್ತವೆ, ಎಲ್ಲವೂ ಮೆಮೊರಿ ತಿನ್ನುತ್ತವೆ. ನನ್ನ ಪ್ರಶ್ನೆ ಬೇರೆ. ಹಳೆಯ ಬ್ಲಾಗೊಂದನ್ನು ಇಟ್ಟುಕೊಂಡು, ಅದರಲ್ಲಿನ ಭಾರದ ಚಿತ್ರ, ಒಂದಕ್ಕೊಂದು ಅಂಟಿಕೊಂಡ ಸಾಲು, ಕೆಟ್ಟುಹೋದ ಲಿಂಕುಗಳನ್ನು ಆಗಾಗ ಸರಿಮಾಡುತ್ತ ಕೂರುವವರಿಗೆ ಯಾವ ಬ್ರೌಸರ್ ಒಳ್ಳೆಯದು? ನನ್ನ ಮಟ್ಟಿಗೆ ಫೈರ್‌ಫಾಕ್ಸ್. ಕೋಡ್ ಬರೆಯುವವರಿಗೆ ಅಂತ ಅದರಲ್ಲಿ ಇಟ್ಟಿರುವ ಎಷ್ಟೋ ಸಲಕರಣೆಗಳು ನಮ್ಮಂಥ ಬರೀ ಬರೆಯುವವರಿಗೂ ಚೆನ್ನಾಗಿ ಒದಗುತ್ತವೆ. ಯಾರೂ ಹೇಳಿಕೊಡುವುದಿಲ್ಲ, ಅಷ್ಟೇ.

ಮೊದಲು ಕನ್ನಡ ಬ್ಲಾಗುಗಳ ದೊಡ್ಡ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಅದು ಸಾಲುಗಳ ನಡುವಿನ ಅಂತರ. ಟೆಂಪ್ಲೇಟ್ ಮಾಡಿದವರು ಇಂಗ್ಲಿಷ್ ಅಕ್ಷರ ನೋಡಿಕೊಂಡು ಅಳತೆ ಹಾಕಿರುತ್ತಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಥರದ ಪದ ಬಂತೋ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಕುಟ್ಟುತ್ತದೆ. ಓದುವವರಿಗೆ ಸುಸ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಬರಹ ಚೆನ್ನಾಗಿಲ್ಲ ಅಂದುಕೊಂಡು ಎದ್ದುಹೋಗುತ್ತಾರೆ.

ನಿಮ್ಮದೇ ಪೋಸ್ಟ್ ಒಂದನ್ನು ಫೈರ್‌ಫಾಕ್ಸಿನಲ್ಲಿ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿ, ಯಾವುದಾದರೂ ಪ್ಯಾರಾ ಮೇಲೆ ಕ್ಲಿಕ್ ಮಾಡಿ. ಕೆಳಗಡೆ ಒಂದು ಫಲಕ ತೆರೆದುಕೊಳ್ಳುತ್ತದೆ. ಗಾಬರಿ ಬೇಡ, ಅಲ್ಲಿರುವುದೆಲ್ಲ ನಮಗೆ ಬೇಕಾಗಿಲ್ಲ. ‘ರೂಲ್ಸ್’ ಅನ್ನುವ ಕಡೆ ‘ಲೈನ್-ಹೈಟ್’ ಹುಡುಕಿ. 1.3 ಅಥವಾ 1.4 ಅಂತ ಇದ್ದರೆ ಅದರ ಮೇಲೆ ಕ್ಲಿಕ್ ಮಾಡಿ 1.7 ಅಂತ ಬರೆದುನೋಡಿ. ಪುಟ ಕಣ್ಣೆದುರಿಗೇ ಉಸಿರಾಡಲು ಶುರುಮಾಡುತ್ತದೆ. ಈ ಬದಲಾವಣೆ ನಿಮ್ಮ ಪರದೆಯ ಮೇಲೆ ಮಾತ್ರ. ಪುಟವನ್ನು ರಿಫ್ರೆಶ್ ಮಾಡಿದರೆ ಮೊದಲಿನಂತೆಯೇ ಇರುತ್ತದೆ. ಹಾಗಾಗಿ ಎಷ್ಟು ಬೇಕಾದರೂ ಆಟವಾಡಬಹುದು. ಸರಿ ಅನ್ನಿಸಿದ ಅಂಕಿಯನ್ನು ಆಮೇಲೆ ಬ್ಲಾಗಿನ ಟೆಂಪ್ಲೇಟಿಗೆ ಹಾಕಿದರಾಯಿತು. ಇದು ಕ್ರೋಮಿನಲ್ಲೂ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಫೈರ್‌ಫಾಕ್ಸಿನ ಫಲಕದಲ್ಲಿ ‘ಫಾಂಟ್ಸ್’ ಅಂತಲೇ ಒಂದು ಟ್ಯಾಬ್ ಇದೆ. ಗಾತ್ರ, ಸಾಲಿನ ಎತ್ತರ, ಅಕ್ಷರದ ದಪ್ಪ ಎಲ್ಲವನ್ನೂ ಗುಂಡಿ ಎಳೆದು ಬದಲಾಯಿಸಬಹುದು. ಆ ಪ್ಯಾರಾವನ್ನು ನಿಜವಾಗಿ ಯಾವ ಫಾಂಟು ತೋರಿಸುತ್ತಿದೆ ಅಂತಲೂ ಅಲ್ಲೇ ಕಾಣುತ್ತದೆ. ನೀವು ಟೆಂಪ್ಲೇಟಿನಲ್ಲಿ ಬರೆದ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲದಿದ್ದರೆ ಬ್ರೌಸರ್ ಸದ್ದಿಲ್ಲದೆ ಬೇರೊಂದನ್ನು ತಂದು ಕೂರಿಸಿರುತ್ತದೆ.

ಫಾಂಟಿನ ಮಾತು ಬಂದದ್ದಕ್ಕೆ ಇನ್ನೊಂದು. ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್, ಅದರೊಳಗೆ ಅಡ್ವಾನ್ಸ್ಡ್‌ಗೆ ಹೋದರೆ ಲಿಪಿಗಳ ಒಂದು ಪಟ್ಟಿ ಸಿಗುತ್ತದೆ. ಅದರಲ್ಲಿ ಕನ್ನಡ ಇದೆ. ಕನ್ನಡಕ್ಕೆ ಅಂತಲೇ ಬೇರೆ ಫಾಂಟು, ಬೇರೆ ಗಾತ್ರ, ಇದಕ್ಕಿಂತ ಚಿಕ್ಕದು ಬೇಡ ಅನ್ನುವ ಮಿತಿ, ಎಲ್ಲವನ್ನೂ ಹೇಳಿಡಬಹುದು. ಕನ್ನಡಕ ಬಂದಮೇಲೆ ನನಗೆ ಈ ಬ್ರೌಸರ್ ಮೇಲೆ ಪ್ರೀತಿ ಬಂದದ್ದೇ ಇದರಿಂದ.

ಇನ್ನು ಚಿತ್ರಗಳು. ಫೋನಿನಿಂದ ನೇರವಾಗಿ ಏರಿಸಿದ ಫೋಟೋಗಳೇ ಹೆಚ್ಚಿನ ಬ್ಲಾಗುಗಳನ್ನು ನಿಧಾನ ಮಾಡುವುದು. ಯಾವ ಪೋಸ್ಟಿನಲ್ಲಿ ಯಾವ ಚಿತ್ರ ಭಾರ ಅಂತ ಕಂಡುಹಿಡಿಯಲು ಫೈರ್‌ಫಾಕ್ಸಿನಲ್ಲಿ ಒಂದು ಹಳೆಯ ಕಿಟಕಿ ಇದೆ. ಹೆಸರು ‘ಪೇಜ್ ಇನ್ಫೋ’. ಕಂಟ್ರೋಲ್ ಮತ್ತು ಐ ಒತ್ತಿದರೆ ತೆರೆಯುತ್ತದೆ. ಅದರಲ್ಲಿ ‘ಮೀಡಿಯಾ’ಗೆ ಹೋಗಿ. ಪುಟದಲ್ಲಿರುವ ಎಲ್ಲ ಚಿತ್ರಗಳ ಪಟ್ಟಿ, ಒಂದೊಂದರ ವಿಳಾಸ, ತೂಕ. ಒಂದರ ಮೇಲೆ ಕ್ಲಿಕ್ ಮಾಡಿದರೆ ಅದರ ನಿಜವಾದ ಅಳತೆ ಎಷ್ಟು, ಪುಟದಲ್ಲಿ ಕುಗ್ಗಿಸಿ ತೋರಿಸುತ್ತಿರುವುದು ಎಷ್ಟು ಅಂತಲೂ ಬರುತ್ತದೆ. 4000 ಪಿಕ್ಸೆಲ್ ಅಗಲದ ಚಿತ್ರವನ್ನು 640ಕ್ಕೆ ಇಳಿಸಿ ತೋರಿಸುತ್ತಿದೆ ಅಂದರೆ ಓದುಗರು ಸುಮ್ನೆ ಡೇಟಾ ಸುಡುತ್ತಿದ್ದಾರೆ ಅಂತ ಅರ್ಥ. ಅಂಥವನ್ನು ಅಲ್ಲಿಂದಲೇ ಉಳಿಸಿಕೊಂಡು ಕುಗ್ಗಿಸಿ ಮತ್ತೆ ಏರಿಸುವುದು ನನ್ನ ಪದ್ಧತಿ. ಕುಗ್ಗಿಸಲು ಸ್ಕ್ವೂಶ್ ಅನ್ನುವ ತಾಣ ಸಾಕು. ಚಿತ್ರವನ್ನು ಎಲ್ಲಿಗೂ ಕಳಿಸದೆ ನಮ್ಮ ಬ್ರೌಸರಿನೊಳಗೇ ಕೆಲಸ ಮುಗಿಸುತ್ತದೆ. ವೆಬ್‌ಪಿ ಅನ್ನುವ ಹಗುರವಾದ ಚಿತ್ರರೂಪಕ್ಕೆ ಬದಲಿಸಿದರೆ ತೂಕ ಇನ್ನೂ ಇಳಿಯುತ್ತದೆ. ಫೈರ್‌ಫಾಕ್ಸ್ 2019ರಿಂದಲೇ ವೆಬ್‌ಪಿ ತೋರಿಸುತ್ತದೆ, ಸಫಾರಿ 2020ರಿಂದ. ಈಗ ಹೆದರಬೇಕಾಗಿಲ್ಲ.

ಮೊಬೈಲಿನಲ್ಲಿ ಪುಟ ಹೇಗೆ ಕಾಣುತ್ತದೆ ನೋಡಲು ಕಂಟ್ರೋಲ್, ಶಿಫ್ಟ್, ಎಂ. ಅಲ್ಲೇ ಮೇಲ್ಗಡೆ ಇಂಟರ್ನೆಟ್ ವೇಗವನ್ನು ಬೇಕಂತಲೇ ಇಳಿಸುವ ಆಯ್ಕೆ ಇದೆ. 3ಜಿ ಅಂತ ಇಟ್ಟು ನಿಮ್ಮ ಬ್ಲಾಗ್ ತೆರೆದುನೋಡಿ, ತಾಳ್ಮೆ ಇದ್ದರೆ.

ಮೇಲ್ಗಡೆ ತಾಣದ ವಿಳಾಸ ಕಾಣುವ ಪಟ್ಟಿ, ಅಂದರೆ ವಿಳಾಸಪಟ್ಟಿಯ ಎಡಗಡೆ ಒಂದು ಗುರಾಣಿಯ ಚಿಹ್ನೆ ಇರುತ್ತದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ನಿಮ್ಮ ಬ್ಲಾಗ್ ತೆರೆದು ಅದನ್ನು ಒತ್ತಿ. ನಿಮ್ಮ ಪುಟದಿಂದ ಓದುಗರ ಬೆನ್ನು ಹತ್ತಲು ಯಾರ್ಯಾರು ನೋಡುತ್ತಿದ್ದಾರೆ ಅನ್ನುವ ಪಟ್ಟಿ ಬರುತ್ತದೆ. ಯಾವ ಕಾಲದಲ್ಲೋ ಹಾಕಿಕೊಂಡ ವಿಸಿಟರ್ ಕೌಂಟರ್, ‘ಶೇರ್ ಮಾಡಿ’ ಗುಂಡಿಗಳ ಗೊಂಚಲು, ಈಗ ಯಾರೂ ಬಳಸದ ವಿಜೆಟ್, ಎಲ್ಲವೂ ಅಲ್ಲಿ ಸಿಕ್ಕಿಬೀಳುತ್ತವೆ. ಅವನ್ನು ಕಿತ್ತುಹಾಕಿದರೆ ಪುಟ ಹಗುರಾಗುತ್ತದೆ, ಓದುಗರಿಗೂ ಒಳ್ಳೆಯದು.

ಇದೇ ಗುರಾಣಿಯಿಂದ ಒಂದು ತಲೆನೋವೂ ಇದೆ. 2022ರ ಜೂನಿನಿಂದ ಫೈರ್‌ಫಾಕ್ಸ್ ಒಂದೊಂದು ತಾಣದ ಕುಕ್ಕಿಗಳನ್ನು (ನಮ್ಮನ್ನು ಗುರುತಿಡಲು ತಾಣಗಳು ಬ್ರೌಸರಿನಲ್ಲಿ ಇಡುವ ಚೀಟಿಗಳು) ಬೇರೆಬೇರೆ ಡಬ್ಬಿಯಲ್ಲಿ ಇಡುತ್ತದೆ. ಒಂದರ ಡಬ್ಬಿಗೆ ಇನ್ನೊಂದು ಕೈಹಾಕುವಂತಿಲ್ಲ. ಒಳ್ಳೆಯ ಏರ್ಪಾಡು. ಆದರೆ ಪೋಸ್ಟಿನ ಕೆಳಗೆ ಬೇರೆ ತಾಣದಿಂದ ತಂದು ಕೂರಿಸಿದ ಕಾಮೆಂಟ್ ಪೆಟ್ಟಿಗೆ ಇದ್ದರೆ, ಲಾಗಿನ್ ಆಗಿದ್ದರೂ ಅದು ‘ಮೊದಲು ಲಾಗಿನ್ ಆಗಿ’ ಅನ್ನಬಹುದು. ಆಗ ಗುರಾಣಿ ಒತ್ತಿ ಆ ತಾಣಕ್ಕೆ ಮಾತ್ರ ರಕ್ಷಣೆ ತೆಗೆಯಬೇಕು. ‘ನಿಮ್ಮ ಬ್ಲಾಗಿಗೆ ಕಾಮೆಂಟ್ ಹಾಕಕ್ಕೇ ಆಗ್ತಿಲ್ಲ’ ಅಂತ ಯಾರಾದರೂ ಅಂದರೆ ಮೊದಲು ಕೇಳಬೇಕಾದ್ದು ಯಾವ ಬ್ರೌಸರ್ ಅಂತ.

ನಾವು ಲಾಗಿನ್ ಆಗಿಯೇ ಬ್ಲಾಗ್ ನೋಡುವುದರಿಂದ ಓದುಗರಿಗೆ ಅದು ಹೇಗೆ ಕಾಣುತ್ತದೆ ಅಂತ ನಮಗೆ ಗೊತ್ತೇ ಇರುವುದಿಲ್ಲ, ಅಲ್ವಾ? ಇದಕ್ಕೆ ಪ್ರೈವೇಟ್ ವಿಂಡೋ ಸಾಕು. ಇನ್ನೂ ಅನುಕೂಲ ಬೇಕೆಂದರೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರದೇ ‘ಮಲ್ಟಿ-ಅಕೌಂಟ್ ಕಂಟೇನರ್ಸ್’ ಅನ್ನುವ ಆಡ್-ಆನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಲಕರಣೆ, ಇದೆ. ಒಂದೇ ಕಿಟಕಿಯಲ್ಲಿ ಒಂದು ಟ್ಯಾಬ್ ಒಡೆಯನದು, ಪಕ್ಕದ್ದು ಬರೀ ಓದುಗನದು. ಬಣ್ಣದ ಗೆರೆಯಿಂದ ಯಾವುದು ಯಾವುದು ಅಂತ ತಿಳಿಯುತ್ತದೆ. ಎರಡು ಮೇಲ್ ಅಕೌಂಟ್ ಇರುವವರಿಗಂತೂ ಇದು ವರ.

ಪೋಸ್ಟುಗಳಿಗೆ ಕನ್ನಡದಲ್ಲಿ ವಿಳಾಸ ಇಟ್ಟುಕೊಂಡವರಿಗೆ ಇನ್ನೊಂದು ಕಿರಿಕಿರಿ ಗೊತ್ತಿರುತ್ತದೆ. ವಿಳಾಸಪಟ್ಟಿಯಲ್ಲಿ ಚೆಂದದ ಕನ್ನಡ ಕಾಣುತ್ತದೆ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲ. ‘ಕ’ ಒಂದೇ ಒಂಬತ್ತು ಚಿಹ್ನೆ ಆಗುತ್ತದೆ. ಫೈರ್‌ಫಾಕ್ಸಿನಲ್ಲಿ ಇದಕ್ಕೆ ಮದ್ದು ಇದೆ, ಸ್ವಲ್ಪ ಒಳಗಡೆ. ವಿಳಾಸಪಟ್ಟಿಯಲ್ಲಿ ಅಬೌಟ್:ಕಾನ್ಫಿಗ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಎಚ್ಚರಿಕೆ ಕೊಡುತ್ತದೆ, ಒಪ್ಪಿಕೊಳ್ಳಿ. ಅಲ್ಲಿನ ಹುಡುಕು ಪೆಟ್ಟಿಗೆಯಲ್ಲಿ ಡಿಕೋಡ್, ಯುಆರ್‌ಎಲ್ಸ್, ಆನ್, ಕಾಪಿ ಈ ನಾಲ್ಕನ್ನೂ ಜಾಗ ಬಿಡದೆ ಇಂಗ್ಲಿಷಿನಲ್ಲೇ ಬರೆದರೆ ಸಂಬಂಧಪಟ್ಟ ಸಾಲು ಬರುತ್ತದೆ. ಅದನ್ನು ‘ಟ್ರೂ’ ಮಾಡಿದರೆ ಮುಂದೆ ಕಾಪಿಯೂ ಕನ್ನಡದಲ್ಲೇ. ಆ ಪುಟದಲ್ಲಿ ಬೇರೆ ಏನನ್ನೂ ಮುಟ್ಟಬೇಡಿ.

ಸಣ್ಣಪುಟ್ಟವು ಬೇಕಾದಷ್ಟಿವೆ. ವಿಳಾಸಪಟ್ಟಿಯಲ್ಲಿ * ಹಾಕಿ ಜಾಗ ಬಿಟ್ಟು ಹುಡುಕಿದರೆ ಬುಕ್‌ಮಾರ್ಕುಗಳಲ್ಲಿ ಮಾತ್ರ ಹುಡುಕುತ್ತದೆ, ^ ಹಾಕಿದರೆ ಹಿಸ್ಟರಿಯಲ್ಲಿ, % ಹಾಕಿದರೆ ತೆರೆದಿರುವ ಟ್ಯಾಬುಗಳಲ್ಲಿ. ವರ್ಡ್‌ನಿಂದ ಬ್ಲಾಗಿಗೆ ತರುವಾಗ ಕಂಟ್ರೋಲ್, ಶಿಫ್ಟ್, ವಿ ಬಳಸಿದರೆ ಬರೀ ಅಕ್ಷರ ಬರುತ್ತದೆ, ವರ್ಡಿನ ಫಾಂಟು ಬಣ್ಣದ ಕಸ ಬರುವುದಿಲ್ಲ. ಬೇರೆ ಬ್ರೌಸರುಗಳಲ್ಲೂ ಇದು ನಡೆಯುತ್ತದೆ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ‘ಟೇಕ್ ಸ್ಕ್ರೀನ್‌ಶಾಟ್’ ಅಂದರೆ ಇಡೀ ಪುಟವನ್ನು ತಲೆಯಿಂದ ಬುಡದವರೆಗೆ ಒಂದೇ ಚಿತ್ರವಾಗಿ ತೆಗೆಯಬಹುದು. ಟೆಂಪ್ಲೇಟ್ ಬದಲಿಸುವ ಮುಂಚೆ ಹೀಗೆ ಒಂದು ತೆಗೆದಿಡುವುದು ಜಾಣತನ.

ಈಗ ದೂರುಗಳು. ಬ್ಲಾಗಿನವರಿಗೆ ಫೈರ್‌ಫಾಕ್ಸ್ ಮಾಡಿದ ದೊಡ್ಡ ಅನ್ಯಾಯ ಅಂದರೆ ಆರ್‌ಎಸ್‌ಎಸ್ ಫೀಡ್, ಅಂದರೆ ಬ್ಲಾಗಿನ ಹೊಸ ಪೋಸ್ಟುಗಳ ಪಟ್ಟಿಯನ್ನು ತಲುಪಿಸುವ ಏರ್ಪಾಡನ್ನು ತೆಗೆದದ್ದು. ಮೊದಲು ಬ್ಲಾಗಿನ ಫೀಡನ್ನು ಬುಕ್‌ಮಾರ್ಕಿನಂತೆ ಇಟ್ಟುಕೊಂಡರೆ ಹೊಸ ಪೋಸ್ಟುಗಳು ತಾವಾಗಿಯೇ ಅದರಲ್ಲಿ ಬಂದು ಕೂರುತ್ತಿದ್ದವು. 2018ರ ಡಿಸೆಂಬರಿನಲ್ಲಿ ಬಂದ 64ನೇ ಆವೃತ್ತಿಯಲ್ಲಿ ಅದಕ್ಕೆ ಕತ್ತರಿ ಬಿತ್ತು. ಈಗ ಆಡ್-ಆನ್ ಹುಡುಕಿಕೊಳ್ಳಬೇಕು. ಆಮೇಲೆ ಓದೋಣ ಅಂತ ಲೇಖನ ತೆಗೆದಿಡಲು ಪಾಕೆಟ್ ಇತ್ತು. ಮೊಜಿಲ್ಲಾ ಅದನ್ನು 2017ರಲ್ಲಿ ಕೊಂಡು, 2025ರ ಜುಲೈನಲ್ಲಿ ಮುಚ್ಚಿತು. ಅದೇ ವರ್ಷ ಫೆಬ್ರವರಿಯಲ್ಲಿ ಬಳಕೆಯ ಹೊಸ ಷರತ್ತುಗಳನ್ನು ತಂದಾಗ ಅದರ ಮಾತುಗಳು ಎಷ್ಟು ಅಡ್ಡಾದಿಡ್ಡಿಯಾಗಿದ್ದವೆಂದರೆ, ಜನ ಸಿಟ್ಟಾದ ಮೇಲೆ ತಿದ್ದಿ ಬರೆಯಬೇಕಾಯಿತು. ಗೌಪ್ಯತೆಯ ಹೆಸರಿನಲ್ಲೇ ಮಾರುಕಟ್ಟೆಗೆ ನಿಂತವರು ಇಂಥದ್ದರಲ್ಲಿ ಎಡವಬಾರದು. ಗೂಗಲ್ಲನ್ನು ಮೊದಲ ಹುಡುಕುಯಂತ್ರವಾಗಿ ಇಟ್ಟದ್ದಕ್ಕೆ ಬರುವ ಹಣದಿಂದಲೇ ಮೊಜಿಲ್ಲಾದ ಹೆಚ್ಚಿನ ಖರ್ಚು ಸಾಗುತ್ತದೆ ಅನ್ನುವುದನ್ನೂ ನೆನಪಿಡಿ.

ಇನ್ನೊಂದು ತೊಂದರೆ ಫೈರ್‌ಫಾಕ್ಸಿನ ತಪ್ಪಲ್ಲ. ಒಪೆರಾ, ಎಡ್ಜ್ ಬ್ರೌಸರುಗಳು 2013ರಲ್ಲಿ ಮತ್ತು 2020ರಲ್ಲಿ ಕ್ರೋಮಿನ ಎಂಜಿನ್ನಿಗೇ (ಪುಟವನ್ನು ಪರದೆಯ ಮೇಲೆ ಮೂಡಿಸುವ ಒಳಗಿನ ತಂತ್ರಾಂಶ) ಬಂದವು. ಆದರೆ ಫೈರ್‌ಫಾಕ್ಸ್ ಈಗಲೂ ಗೆಕ್ಕೋ ಅನ್ನುವ ಸ್ವಂತ ಎಂಜಿನ್ ಇಟ್ಟುಕೊಂಡು ಓಡುತ್ತಿದೆ. ಹಾಗಾಗಿ ಕೆಲವು ತಾಣ ಮಾಡುವವರು ಕ್ರೋಮಿನಲ್ಲಿ ಮಾತ್ರ ಪರೀಕ್ಷೆ ಮಾಡಿ ಕೈತೊಳೆದುಕೊಳ್ಳುತ್ತಾರೆ. ಹೀಗಾಗಿ ಕಂಪ್ಯೂಟರಿನಲ್ಲಿ ಎರಡನೆಯ ಬ್ರೌಸರ್ ಒಂದು ಇರಲೇಬೇಕು. ಬ್ಲಾಗಿನವರಿಗೆ ಅದು ಹೇಗೂ ಬೇಕು, ಎರಡು ಎಂಜಿನ್ನಿನಲ್ಲಿ ಪುಟ ನೋಡಬೇಕಲ್ಲ. ಐಫೋನಿನ ಫೈರ್‌ಫಾಕ್ಸನ್ನು ಈ ಪರೀಕ್ಷೆಗೆ ಲೆಕ್ಕಕ್ಕೆ ಹಿಡಿಯಬೇಡಿ. ಆಪಲ್‌ನ ನಿಯಮದಿಂದಾಗಿ ಅದರ ಒಳಗೆ ಇರುವುದು ಸಫಾರಿಯ ಎಂಜಿನ್ನೇ. ಆಂಡ್ರಾಯ್ಡಿನದು ಅಸಲಿ, ಆಡ್-ಆನ್ ಕೂಡ ಹಾಕಬಹುದು. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಕ್ರೋಮಿನಿಂದ ಹೊರಬಿದ್ದರೂ ಇಲ್ಲಿ ಪೂರ್ತಿ ಶಕ್ತಿಯಲ್ಲೇ ಇದೆ.

ಹಾಕಿಕೊಳ್ಳುವವರು ಮೊದಲ ದಿನವೇ ಒಂದು ಕೆಲಸ ಮಾಡಿ. ಸಿಂಕ್ (ಎಲ್ಲ ಸಾಧನಗಳಲ್ಲೂ ಒಂದೇ ಬುಕ್‌ಮಾರ್ಕು ಇರುವಂತೆ ನೋಡಿಕೊಳ್ಳುವ ಏರ್ಪಾಡು) ಆನ್ ಮಾಡಿದ್ದೇನೆ, ಬುಕ್‌ಮಾರ್ಕ್ ಎಲ್ಲ ಭದ್ರ ಅಂತ ಕೂರಬೇಡಿ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಸುತ್ತದೆ. ಕಂಟ್ರೋಲ್, ಶಿಫ್ಟ್, ಒ ಒತ್ತಿ ಬುಕ್‌ಮಾರ್ಕುಗಳ ಕಿಟಕಿ ತೆರೆಯಿರಿ. ‘ಇಂಪೋರ್ಟ್ ಆಂಡ್ ಬ್ಯಾಕಪ್’ನಲ್ಲಿ ಎರಡು ಬಗೆ ಇವೆ. ಬ್ಯಾಕಪ್ ಅಂತ ಕೊಟ್ಟರೆ ಬರುವ ಫೈಲು ಫೈರ್‌ಫಾಕ್ಸಿಗೆ ಮಾತ್ರ ಆಗಿಬರುತ್ತದೆ, ಅದರಿಂದ ರಿಸ್ಟೋರ್ ಮಾಡಿದರೆ ಈಗಿರುವ ಬುಕ್‌ಮಾರ್ಕುಗಳೆಲ್ಲ ಹೋಗಿ ಹಳೆಯವು ಬರುತ್ತವೆ. ಎಚ್‌ಟಿಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿದ್ದನ್ನು ಯಾವ ಬ್ರೌಸರಿಗೆ ಬೇಕಾದರೂ ಹಾಕಿಕೊಳ್ಳಬಹುದು. ನಾನು ಎರಡನ್ನೂ ತೆಗೆದು ಬ್ಲಾಗಿನ ಬ್ಯಾಕಪ್ ಇರುವ ಫೋಲ್ಡರಿನಲ್ಲೇ ಇಡುತ್ತೇನೆ.