ಇಮೇಲ್‌ನಿಂದ ಫ್ಯಾಕ್ಸ್: ಅಮೆರಿಕದ ಮೆಡಿಕಲ್ ಬಿಲ್ಲಿಂಗ್ ಆಫೀಸಿಗೆ ಯಾವ ಸೇವೆ ಒಗ್ಗುತ್ತದೆ?

ಅಮೆರಿಕದ ಕ್ಲಿನಿಕ್‌ಗಳಿಗೆ ಬಿಲ್ಲಿಂಗ್ ಮಾಡಿಕೊಡುವ ಬೆಂಗಳೂರು, ಮೈಸೂರಿನ ಆಫೀಸುಗಳಲ್ಲಿ ಫ್ಯಾಕ್ಸ್ ಯಂತ್ರ ಹುಡುಕಿದರೂ ಸಿಗದು, ಆದರೆ ಫ್ಯಾಕ್ಸ್ ಕಳಿಸದೆ ರಾತ್ರಿ ಶಿಫ್ಟ್ ಮುಗಿಯುವುದಿಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2019ರ ಜನವರಿಯಿಂದಲೇ ಹೊಸ ಫ್ಯಾಕ್ಸ್ ಯಂತ್ರ ಕೊಳ್ಳುವುದನ್ನು ನಿಷೇಧಿಸಿತು. ಅಮೆರಿಕದಲ್ಲಿ ಮಾತ್ರ ಪ್ರಯರ್ ಆಥರೈಸೇಷನ್ (ಚಿಕಿತ್ಸೆಗೆ ಮೊದಲೇ ಪಡೆಯುವ ವಿಮೆಯ ಒಪ್ಪಿಗೆ), ಅಪೀಲು, ರೋಗಿಯ ರೆಕಾರ್ಡು ಎಲ್ಲಕ್ಕೂ ವಿಮಾ ಕಂಪನಿಯವರು ಇನ್ನೂ ಫ್ಯಾಕ್ಸ್ ನಂಬರನ್ನೇ ಕೊಡುತ್ತಾರೆ. ಹಾಗಾಗಿ ಈ ಕಡೆ ಇಮೇಲ್, ಆ ಕಡೆ ಫ್ಯಾಕ್ಸ್ ಎಂಬ ಸೇವೆಗಳಿಗೆ ಬೇಡಿಕೆ ತಗ್ಗಿಲ್ಲ.

ಬಳಸುವ ರೀತಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. 'ಟು' ಜಾಗದಲ್ಲಿ ದೇಶದ ಕೋಡ್ 1, ಏರಿಯಾ ಕೋಡ್ ಸೇರಿಸಿ ಒಟ್ಟು 11 ಅಂಕಿ ಬರೆದು, ಅಟ್ ಚಿಹ್ನೆಯ ನಂತರ ಸೇವೆಯ ಹೆಸರು ಹಾಕಬೇಕು. ಇಫ್ಯಾಕ್ಸ್‌ಗೆ ಇಫ್ಯಾಕ್ಸ್‌ಸೆಂಡ್ ಡಾಟ್ ಕಾಮ್, ಎಸ್‌ಆರ್‌ಫ್ಯಾಕ್ಸ್‌ಗೆ ಎಸ್‌ಆರ್‌ಫ್ಯಾಕ್ಸ್ ಡಾಟ್ ಕಾಮ್, ರಿಂಗ್‌ಸೆಂಟ್ರಲ್‌ಗೆ ಆರ್‌ಸಿಫ್ಯಾಕ್ಸ್ ಡಾಟ್ ಕಾಮ್. ಪಿಡಿಎಫ್ ಲಗತ್ತಿಸಿ ಸೆಂಡ್ ಒತ್ತಿದರೆ ಮುಗಿಯಿತು. ಮುಂಚೆ ಯಂತ್ರವನ್ನು ಇಂಟರ್‌ನೆಟ್ ಫೋನ್ ಲೈನಿಗೆ ಅಡಾಪ್ಟರ್ ಮೂಲಕ ಸಿಕ್ಕಿಸಿ, ಡೇಟಾದ ಒಂದೆರಡು ತುಣುಕು (ಪ್ಯಾಕೆಟ್) ಕಳೆದುಹೋದರೆ ನಡುವೆಯೇ ಕರೆ ಕಡಿದು ಬೀಳುತ್ತಿದ್ದ ರಗಳೆ ಈಗ ಸೇವೆ ಕೊಡುವವರ ಹೆಗಲಿಗೆ ಹೋಗಿದೆ. ಅಷ್ಟಕ್ಕೇ ತಿಂಗಳ ದುಡ್ಡು ಕೊಡಬಹುದು.

ನಿಜವಾದ ವ್ಯತ್ಯಾಸ ಕಾಣುವುದು ಪುಟ ಚಿತ್ರವಾಗಿ ಬದಲಾಗುವ ಹಂತದಲ್ಲಿ. ಫ್ಯಾಕ್ಸ್‌ಗೆ ಕಪ್ಪು, ಬಿಳಿ ಎರಡೇ ಗೊತ್ತು, ನಡುವಿನ ಬೂದು ಗೊತ್ತಿಲ್ಲ. ಸಾಲಿಗೆ 1728 ಚುಕ್ಕಿ. ಸ್ಟ್ಯಾಂಡರ್ಡ್ ಗುಣಮಟ್ಟದಲ್ಲಿ ಇಂಚಿಗೆ 98 ಗೆರೆ, ಫೈನ್‌ನಲ್ಲಿ 196. ಸ್ಟ್ಯಾಂಡರ್ಡ್‌ನಲ್ಲಿ 8 ಪಾಯಿಂಟ್ ಅಂಕಿಯೊಂದರ ಎತ್ತರಕ್ಕೆ ಸಿಗುವುದು ಏಳೆಂಟು ಗೆರೆ ಮಾತ್ರ. 3, 6, 8 ಒಂದೇ ತರಹ ಕಾಣುವುದು ಇದಕ್ಕೇ. ಡಾಕ್ಟರ ಗುರುತಿನ ಸಂಖ್ಯೆಯಾದ ಎನ್‌ಪಿಐನ 10 ಅಂಕಿಗಳಲ್ಲಿ ಒಂದು ತಪ್ಪಿ ಓದಿದರೂ ಕಾಗದ ವಾಪಸ್. ಖಾತೆಯ ಸೆಟ್ಟಿಂಗ್‌ನಲ್ಲಿ ಫೈನ್ ಆಯ್ದುಕೊಳ್ಳಿ. ಅದು ಡೀಫಾಲ್ಟ್ ಆಗಿರುತ್ತದೆ ಎಂದು ನಂಬಿ ಕೂರಬೇಡಿ.

ಫೈನ್‌ನಲ್ಲಿ ಲೆಟರ್ ಅಳತೆಯ ಒಂದು ಪುಟ ಎಂದರೆ ಸುಮಾರು 37 ಲಕ್ಷ ಚುಕ್ಕಿ. ಸೆಕೆಂಡಿಗೆ 14,400 ಬಿಟ್ ವೇಗದಲ್ಲಿ ಅದನ್ನು ಹಾಗೇ ಕಳಿಸಿದರೆ 4 ನಿಮಿಷ ದಾಟುತ್ತದೆ. ಬಿಳಿ ಜಾಗವನ್ನು ಒತ್ತಿ ಚಿಕ್ಕದು ಮಾಡುವುದರಿಂದ ಸಾಮಾನ್ಯ ಅಕ್ಷರದ ಪುಟ ಒಂದು ನಿಮಿಷದೊಳಗೆ ಹೋಗುತ್ತದೆ. ಬೂದು ಬಣ್ಣದ ಟೇಬಲ್, ಹಳದಿ ಹೈಲೈಟರ್, ಬಣ್ಣದ ಲೋಗೋ ಇದ್ದರೆ ಅವೆಲ್ಲ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತವೆ, ಒತ್ತಲು ಬಿಳಿ ಜಾಗವೇ ಉಳಿಯುವುದಿಲ್ಲ. ಕರೆ ಉದ್ದವಾದಷ್ಟೂ ಕಡಿಯುವ ಸಂಭವ ಹೆಚ್ಚು. 60 ಸೆಕೆಂಡಿಗೆ ಒಂದು ಪುಟ ಎಂದು ಲೆಕ್ಕ ಹಾಕುವ ಪ್ಲಾನ್‌ಗಳೂ ಇವೆ, ಅಲ್ಲಿ ಒಂದು ಹಾಳೆಗೆ ಮೂರು ಪುಟದ ದರ ಬೀಳಬಹುದು. ಕಳಿಸುವ ಮೊದಲು ಪಿಡಿಎಫ್ ಅನ್ನು ಕಪ್ಪು-ಬಿಳುಪಿನಲ್ಲಿ ಮತ್ತೆ ಪ್ರಿಂಟ್-ಟು-ಪಿಡಿಎಫ್ ಮಾಡಿ. ತುಂಬಿದ ಫಾರಂಗಳಿಗೂ ಇದೇ ಮದ್ದು: ತುಂಬಿದ್ದು ಪುಟಕ್ಕೆ ಅಂಟಿಕೊಳ್ಳದೆ ಖಾಲಿ ಫಾರಂ ಹೋಗಿಬಿಡುವುದುಂಟು. ಪಾಸ್‌ವರ್ಡ್ ಇರುವ ಪಿಡಿಎಫ್ ಹೋಗುವುದೇ ಇಲ್ಲ.

ಎಡವಟ್ಟಾಗುವ ಇನ್ನೊಂದು ಜಾಗ ಇಮೇಲೇ. ಹೆಚ್ಚಿನ ಸೇವೆಗಳಲ್ಲಿ ಸಬ್ಜೆಕ್ಟ್ ಸಾಲು, ಮೇಲ್‌ನ ಒಕ್ಕಣೆ ಎರಡೂ ಕವರ್ ಪೇಜಿಗೆ ಇಳಿಯುತ್ತವೆ. ರೋಗಿಯ ಹೆಸರು ಅಲ್ಲಿದ್ದರೆ ಫ್ಯಾಕ್ಸ್ ಟ್ರೇ ಪಕ್ಕ ಹಾದುಹೋದವರೆಲ್ಲ ಓದುತ್ತಾರೆ. ಸಿಗ್ನೇಚರ್‌ನಲ್ಲಿರುವ ಕಂಪನಿ ಲೋಗೋ ಪ್ರತ್ಯೇಕ ಲಗತ್ತು ಎಂದು ಎಣಿಕೆಯಾಗಿ ಕೊನೆಗೊಂದು ಪುಟ ಸುಮ್ಮನೆ ಸೇರುವುದೂ ಇದೆ. ಫ್ಯಾಕ್ಸ್ ಕಳಿಸುವ ಮೇಲ್‌ಬಾಕ್ಸ್‌ಗೆ ಸಿಗ್ನೇಚರ್ ತೆಗೆದೇ ಬಿಡಿ. ಶೇರ್ಡ್ ಮೇಲ್‌ಬಾಕ್ಸ್‌ನಿಂದ 'ಸೆಂಡ್ ಆ್ಯಸ್' ಮಾಡುವವರು ಆ ವಿಳಾಸವನ್ನೂ ಖಾತೆಯಲ್ಲಿ ನೋಂದಾಯಿಸಬೇಕು, ಇಲ್ಲವಾದರೆ ಸೇವೆ ಅದನ್ನು ಒಪ್ಪುವುದಿಲ್ಲ. ಎಲ್ಲಕ್ಕಿಂತ ಅಪಾಯಕಾರಿ ಔಟ್‌ಲುಕ್‌ನ ಆಟೋಕಂಪ್ಲೀಟ್. 1800 ಎಂದು ಬರೆಯುತ್ತಿದ್ದಂತೆ ಅದು ಹಳೆಯ ಹತ್ತು ನಂಬರು ತೋರಿಸುತ್ತದೆ, ನಿದ್ದೆಗಣ್ಣಲ್ಲಿ ಕೈ ಪಕ್ಕದ್ದನ್ನು ಒತ್ತುತ್ತದೆ, ಒಬ್ಬರ ರೆಕಾರ್ಡು ಇನ್ಯಾವುದೋ ವಿಮಾ ಕಂಪನಿ ಸೇರುತ್ತದೆ. ಆ ಮೇಲ್‌ಬಾಕ್ಸ್‌ನಲ್ಲಿ ಆಟೋಕಂಪ್ಲೀಟ್ ಆಫ್ ಮಾಡಿ, ನಂಬರುಗಳನ್ನು ಹೆಸರಿನೊಂದಿಗೆ ಕಾಂಟ್ಯಾಕ್ಟ್‌ನಲ್ಲಿ ಇಡಿ.

ರೋಗಿಯ ಮಾಹಿತಿ ಇದ್ದಲ್ಲಿ ಅದರ ಗೋಪ್ಯತೆ ಕಾಯುವ ಅಮೆರಿಕದ ಹಿಪಾ ಕಾನೂನು ಬಂತು. ಸೇವೆ ನಿಮ್ಮ ಫ್ಯಾಕ್ಸನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದರಿಂದ ಅದರೊಂದಿಗೆ ಬಿಎಎ (ಮಾಹಿತಿಯನ್ನು ಕಾಪಾಡುತ್ತೇವೆ ಎಂಬ ಬಿಸಿನೆಸ್ ಅಸೋಸಿಯೇಟ್ ಅಗ್ರಿಮೆಂಟ್) ಒಪ್ಪಂದ ಇರಲೇಬೇಕು. ಅಗ್ಗದ ಪ್ಲಾನ್‌ನಲ್ಲಿ ಸೇರಿ ಆಮೇಲೆ ಕೇಳಿದರೆ 'ಮೇಲಿನ ಪ್ಲಾನ್‌ಗೆ ಬನ್ನಿ' ಎನ್ನುವುದು ಮಾಮೂಲು. ನಿಮ್ಮ ಮೇಲ್ ಸರ್ವರ್‌ನಿಂದ ಅವರ ಸರ್ವರ್‌ವರೆಗೆ ಟಿಎಲ್ಎಸ್ (ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿ ಮಾಡುವ ವಿಧಾನ) ಕಡ್ಡಾಯವಾಗಿದೆಯೇ ಎಂದೂ ಕೇಳಿ. 'ಸಾಧ್ಯವಾದರೆ ಟಿಎಲ್ಎಸ್' ಎಂಬ ಉತ್ತರದ ಅರ್ಥ, ಸಾಧ್ಯವಾಗದಿದ್ದರೆ ಬಟಾಬಯಲು.

ಹಾಗಾದರೆ ಯಾವುದು? ಒಂದೆರಡು ಕ್ಲಿನಿಕ್ ನೋಡಿಕೊಳ್ಳುವ ಚಿಕ್ಕ ತಂಡಕ್ಕೆ ಕೆನಡಾದ ಎಸ್‌ಆರ್‌ಫ್ಯಾಕ್ಸ್ ಸಾಕು. ನೋಡಲು ಹಳೆಯ ಕಾಲದ್ದು, ಆದರೆ ಆರೋಗ್ಯ ಕ್ಷೇತ್ರಕ್ಕೇ ಪ್ಲಾನ್‌ಗಳಿವೆ. ಕ್ಲಿನಿಕ್‌ನ ಫೋನ್ ಈಗಾಗಲೇ ರಿಂಗ್‌ಸೆಂಟ್ರಲ್‌ನಲ್ಲಿದ್ದರೆ ಬೇರೆ ಕಡೆ ಹೋಗಬೇಡಿ. ಇಫ್ಯಾಕ್ಸ್ ಹೆಸರು ದೊಡ್ಡದು. 2021ರಲ್ಲಿ ಜೆ2 ಗ್ಲೋಬಲ್‌ನಿಂದ ಬೇರೆಯಾದ ಕನ್ಸೆನ್ಸಸ್ ಕ್ಲೌಡ್ ಸೊಲ್ಯೂಷನ್ಸ್ ಈಗ ಅದರ ಒಡೆಯ. ಆಸ್ಪತ್ರೆ ಮಟ್ಟದ ಕೆಲಸಕ್ಕೆ ಅದರ ಕಾರ್ಪೊರೇಟ್ ಸೇವೆ ಹೊಂದುತ್ತದೆ, ಚಿಕ್ಕವರಿಗೆ ಹೊರೆ. ಜಿನೀವಾದ ಅಲೋಹಿ ಕಂಪನಿಯ ಫ್ಯಾಕ್ಸ್ ಪ್ಲಸ್ ನಾಲ್ಕರಲ್ಲಿ ಬಳಸಲು ಹಗುರ, ಆದರೆ ಬಿಎಎ ಯಾವ ಪ್ಲಾನ್‌ನಲ್ಲಿದೆ ಎಂದು ಮೊದಲು ನೋಡಿ.

ಕೊಳ್ಳುವ ಮೊದಲು ಟ್ರಯಲ್‌ನಲ್ಲಿ ಮೂರು ಪುಟ ಕಳಿಸಿ: 8 ಪಾಯಿಂಟ್ ಅಂಕಿಗಳದ್ದೊಂದು, ಬೂದು ಟೇಬಲ್ ಒಂದು, ಸಹಿಯ ಪುಟ ಒಂದು. ಅದೇ ಸೇವೆಯ ಇನ್ನೊಂದು ನಂಬರಿಗೆ ಕಳಿಸಿ ನೋಡಿದರೆ ಪ್ರಯೋಜನವಿಲ್ಲ, ಅದು ಫೋನ್ ಜಾಲವನ್ನೇ ಮುಟ್ಟದೆ ಒಳಗಿಂದೊಳಗೇ ಹೋಗಬಹುದು. ಕ್ಲಿನಿಕ್‌ನಲ್ಲಿರುವ ನಿಜವಾದ ಯಂತ್ರಕ್ಕೆ ಕಳಿಸಿ, ಬಂದ ಹಾಳೆಯನ್ನು ಸ್ಕ್ಯಾನ್ ಮಾಡಿ ತರಿಸಿ ನೋಡಿ.

ಫ್ಯಾಕ್ಸ್ ಹೋಯಿತೋ ಇಲ್ಲವೋ ಎಂದು ಸೇವೆ ಕಳಿಸುವ ವರದಿಯ ಮೇಲ್ ಹೇಗಿದೆ ಎಂಬುದನ್ನೂ ಆಗಲೇ ಗಮನಿಸಿ, ಸೇವೆಯ ಯೋಗ್ಯತೆ ಗೊತ್ತಾಗುವುದು ಅಲ್ಲಿ. ಬರಿ 'ಫೇಲ್ಡ್' ಎಂದರೆ ಉಪಯೋಗವಿಲ್ಲ. ಬ್ಯುಸಿ ಇತ್ತೇ, ಮನುಷ್ಯರು ಎತ್ತಿದರೇ, 40ರಲ್ಲಿ 23 ಪುಟ ಹೋಗಿ ಕಡಿಯಿತೇ ಎಂದು ಹೇಳಬೇಕು. ಬ್ಯುಸಿಯಾದರೆ ತಾನೇ ಮತ್ತೆ ಡಯಲ್ ಮಾಡುತ್ತದೆ. ಮನುಷ್ಯರು ಎತ್ತಿದ್ದರೆ ನಂಬರೇ ತಪ್ಪು, ಮತ್ತೆ ಕಳಿಸಬೇಡಿ. ಉದ್ದದ ರೆಕಾರ್ಡನ್ನು 25 ಪುಟದ ಕಂತುಗಳಾಗಿ ಒಡೆದು ಪ್ರತಿ ಕಂತಿಗೂ ಕ್ಲೇಮ್ ನಂಬರಿನ ಕವರ್ ಪೇಜ್ ಹಾಕಿ, ಒಂದು ಫ್ಯಾಕ್ಸ್‌ನಲ್ಲಿ ಇಬ್ಬರು ರೋಗಿಗಳನ್ನು ಸೇರಿಸಬೇಡಿ. ವರದಿಯ ಸಮಯ ಯಾವ ವಲಯದ್ದು ಎಂದೂ ನೋಡಿ: ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅಪೀಲಿನ ಕೊನೆಯ ದಿನ ಇದೇ ಜಗಳಕ್ಕೆ ಬರುತ್ತದೆ. 'ಸಕ್ಸೆಸ್' ಎಂದರೆ ಆ ಕಡೆಯ ಯಂತ್ರ ಪುಟ ಪಡೆಯಿತು ಎಂದಷ್ಟೇ, ಯಾರೋ ಓದಿದರು ಎಂದಲ್ಲ.

ಸೇವೆ ಬದಲಿಸುವಾಗ ಹಳೆಯ ಖಾತೆಯನ್ನು ಮೊದಲೇ ಮುಚ್ಚಬೇಡಿ. ಕ್ಲಿನಿಕ್‌ನ ಫ್ಯಾಕ್ಸ್ ನಂಬರ್ ಅದರ ಲೆಟರ್‌ಹೆಡ್‌ನಲ್ಲಿ, ವಿಮಾ ಕಂಪನಿಗಳ ದಾಖಲೆಯಲ್ಲಿ ಹರಡಿಕೊಂಡಿರುತ್ತದೆ. ಹೊಸಬರ ಮೂಲಕ ಪೋರ್ಟ್ ಅರ್ಜಿ ಹಾಕಿ, ನಂಬರ್ ದಾಟಿ ಒಂದು ಒಳಬರುವ ಫ್ಯಾಕ್ಸ್ ಬಂದ ಮೇಲೆ, ಹಳೆಯ ಫ್ಯಾಕ್ಸ್‌ಗಳನ್ನೆಲ್ಲ ಇಳಿಸಿಕೊಂಡು, ಆಮೇಲೆ ರದ್ದು ಮಾಡಿ.