ಬ್ಯಾರಲ್ ಡೀಸೆಲ್ ಕೊಳ್ಳುವ ಮೊದಲು ಬ್ಯಾರಲ್ಲನ್ನೇ ಅಳೆಯಿರಿ

ಪುಣೆಯ ಚಾಕಣ, ತಳೇಗಾಂವ, ಭೋಸರಿ ಕಡೆಗೆ ಜೆಸಿಬಿ, ಜನರೇಟರ್, ಕಾಂಪ್ರೆಸರ್ ಇಟ್ಟುಕೊಂಡು ದುಡಿಯುತ್ತಿರುವ ಕನ್ನಡದ ಗುತ್ತಿಗೆದಾರರೆಲ್ಲರೂ ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಪಿಕಪ್‌ನಲ್ಲಿ ತುಂಬಿದ ಬ್ಯಾರಲ್ ತಂದಿಳಿಸಿ ಖಾಲಿ ಬ್ಯಾರಲ್ ಎತ್ತಿಕೊಂಡು ಹೋಗುವವರಿಂದ ನೀವು ಡೀಸೆಲ್ ಕೊಳ್ಳುತ್ತಿದ್ದರೆ, ಅದರಲ್ಲಿ ನಿಜವಾಗಿಯೂ 200 ಲೀಟರ್ ಇದೆಯೇ ಎಂದು ಒಮ್ಮೆಯಾದರೂ ಅಳೆದು ನೋಡಿದ್ದೀರಾ? ನಾನು ಏಳು ತಿಂಗಳು ನೋಡಲಿಲ್ಲ. ಅರವತ್ತು ಬ್ಯಾರಲ್ ಕೊಂಡೆ, ಒಂದನ್ನೂ ಅಳೆಯಲಿಲ್ಲ. ಬ್ಯಾರಲ್ಲಿಗೆ 15 ಲೀಟರಿನಂತೆ 900 ಲೀಟರ್ ಹೋಯಿತು. ಲೀಟರಿಗೆ 90 ರೂಪಾಯಿ ಹಿಡಿದರೂ 81,000 ರೂಪಾಯಿ. ಹಣಕ್ಕಿಂತ ದೊಡ್ಡ ತಪ್ಪು ನನ್ನಿಂದಲೇ ಆಗಿದೆ, ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಡೀಸೆಲ್ ತರುತ್ತಿದ್ದವನು ನಮ್ಮ ವಿಜಯಪುರ ಜಿಲ್ಲೆಯವನೇ. ಊರು ಬಿಟ್ಟು ಬಂದು ದುಡಿಯುವ ಜಾಗದಲ್ಲಿ ನಮ್ಮ ಮಾತು ಆಡುವವನು ಸಿಕ್ಕರೆ ಮನಸ್ಸು ಎಷ್ಟು ಬೇಗ ಸಡಿಲಾಗುತ್ತದೆ ಎಂಬುದು ಪರಸ್ಥಳದಲ್ಲಿರುವ ನಿಮಗೆಲ್ಲ ಗೊತ್ತು. ಮೊದಲ ದಿನವೇ ಅವನು ನಮ್ಮ ಜೊತೆ ಕುಳಿತು ರೊಟ್ಟಿ ಉಂಡ. ವಾರಕ್ಕೆ ಎರಡು ಬ್ಯಾರಲ್, ದರ ಬಂಕಿನದೇ, ಸಾಗಾಟದ ಖರ್ಚು ಬೇರೆ ಇಲ್ಲ ಎಂದ. ಬಿಲ್ಲಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಂಕಿನ ದರಕ್ಕೇ ಸೈಟಿನವರೆಗೆ ತಂದು ಕೊಟ್ಟರೆ ಇವನಿಗೆ ಉಳಿಯುವುದೇನು ಎಂಬ ಪ್ರಶ್ನೆ ಅಂದೇ ನನ್ನ ತಲೆಗೆ ಬರಬೇಕಿತ್ತು.

ಎರಡನೆಯ ತಿಂಗಳಿನಿಂದ ಲೆಕ್ಕ ತಪ್ಪತೊಡಗಿತು. ನನ್ನ ಯಂತ್ರ ಗಂಟೆಗೆ ಸುಮಾರು 5 ಲೀಟರ್ ಕುಡಿಯುತ್ತದೆ, ಅಂದರೆ ಒಂದು ಬ್ಯಾರಲ್ಲಿಗೆ 40 ಗಂಟೆ ಓಡಬೇಕು. ಯಂತ್ರ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ಮಾತ್ರ ಪ್ರತಿ ಸಲ 37ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಇದನ್ನು ಅವನಿಗೆ ಹೇಳಿದಾಗ ಬಂದ ಉತ್ತರವನ್ನು ನಾನು ಸಾಯುವವರೆಗೆ ಮರೆಯಲಾರೆ: “ಅಣ್ಣಾರ, ಬ್ಯಾರಲ್ ಅಂದ್ರ ಇನ್ನೂರ ಲೀಟರ್, ಊರಿಗೆಲ್ಲ ಗೊತ್ತದ. ನಿಮ್ಮ ಹುಡುಗನ ಕೈ ಮ್ಯಾಲ ಸ್ವಲ್ಪ ಲಕ್ಷ್ಯ ಇಡ್ರಿ.”

ನಾನು ಆ ಮಾತನ್ನು ನಂಬಿದೆ. ಇಂಡಿ ಕಡೆಯಿಂದ ಬಂದು ಮೂರು ವರ್ಷ ನನ್ನ ಯಂತ್ರವನ್ನು ಮಗುವಿನಂತೆ ನೋಡಿಕೊಂಡ, ನನ್ನನ್ನು ಕಾಕಾ ಎಂದು ಕರೆಯುವ ಹುಡುಗನ ಮೇಲೆ ಕಣ್ಣಿಟ್ಟೆ. ಸಾಲದೆಂಬಂತೆ ಇನ್ನೊಂದು ತಪ್ಪು ಲೆಕ್ಕ ಮಾಡಿದೆ. ಒಂದು ಬ್ಯಾರಲ್ಲನ್ನು ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿ ನಲ್ಲಿ ಹಾಕಿದ್ದೆವು. ಅದಕ್ಕೆ ಒಂದು ಕೋಲು ಇಳಿಬಿಟ್ಟು, ಕಾಲು ಎತ್ತರದವರೆಗೆ ಡೀಸೆಲ್ ಇದ್ದರೆ ಕಾಲು ಬ್ಯಾರಲ್ ಇದೆ ಎಂದು ಸಮನಾಗಿ ಗುರುತು ಕೊರೆದೆ. ಮಲಗಿಸಿದ ಬ್ಯಾರಲ್ಲಿನಲ್ಲಿ ಅರ್ಧ ಎತ್ತರಕ್ಕೆ ಅರ್ಧ ಸರಿಯಾಗಿ ಬರುತ್ತದೆ, ಆದರೆ ದುಂಡಗಿನ ಹೊಟ್ಟೆ ಕೆಳಗೆ ಕಿರಿದಾಗುವುದರಿಂದ ಕಾಲು ಎತ್ತರದಲ್ಲಿ ಇರುವುದು 25 ಭಾಗವಲ್ಲ, ನೂರಕ್ಕೆ ಹತ್ತೊಂಬತ್ತೂವರೆ ಭಾಗ ಮಾತ್ರ. ಇದು ತಿಳಿಯದೆ ಕೋಲಿನ ಲೆಕ್ಕಕ್ಕೂ ಕ್ಯಾನಿನಲ್ಲಿ ಅಳೆದ ಲೆಕ್ಕಕ್ಕೂ ಬಂದ ಹನ್ನೊಂದು-ಹನ್ನೆರಡು ಲೀಟರಿನ ವ್ಯತ್ಯಾಸವನ್ನೂ ಅವನ ತಲೆಗೆ ಕಟ್ಟಿದೆ. “ಕಾಕಾ, ನಾ ಒಂದ ಹನಿನೂ ಮುಟ್ಟಿಲ್ಲರಿ, ಬೇಕಾದ್ರ ರಾತ್ರಿ ಬ್ಯಾರಲ್ ಮುಂದ ನೀವ ಮಲಕೋರಿ” ಎಂದ. ಮೂರು ತಿಂಗಳು ಅವನ ಪಗಾರದಿಂದ ಎರಡೆರಡು ಸಾವಿರ ಕಡಿದೆ.

ದೀಪಾವಳಿಯ ವಾರ ಡೀಸೆಲಿನವನು ಊರಿಗೆ ಹೋಗಿದ್ದ. ಕೆಲಸ ನಿಲ್ಲಿಸುವಂತಿರಲಿಲ್ಲ. ಹೊಸ ಬ್ಯಾರಲ್ ಒಂದನ್ನು ಕೊಂಡು, ಬಂಕಿಗೆ ಒಯ್ದು, ಮೀಟರ್ ನೋಡಿ ಸರಿಯಾಗಿ 200 ಲೀಟರ್ ತುಂಬಿಸಿಕೊಂಡು ಬಂದೆವು. ನಾಲ್ಕು ದಿನ ಬಿಟ್ಟು ಕೈಪಂಪು ಗಾಳಿ ಎಳೆಯತೊಡಗಿತು, ಆದರೆ ಬ್ಯಾರಲ್ ಅಲುಗಿಸಿದರೆ ಒಳಗೆ ಡೀಸೆಲ್ ಕುಲುಕುವ ಸದ್ದು. ಕೋಲು ಬಿಟ್ಟು ನೋಡಿದರೆ ತಳದಲ್ಲಿ ಇನ್ನೂ 7 ಸೆಂಟಿಮೀಟರ್ ನಿಂತಿದೆ. ಪಂಪಿನ ಪೈಪ್ ತಳಕ್ಕೆ ಮುಟ್ಟುತ್ತಿಲ್ಲ. ಅವನ ಬ್ಯಾರಲ್ಲುಗಳಲ್ಲಿ ಅದೇ ಪೈಪ್ ತಳದವರೆಗೆ ಹೋಗುತ್ತಿತ್ತು.

ಆಗ ನನಗೆ ನೆನಪಾಯಿತು. ಆ ಪೈಪನ್ನು ಹ್ಯಾಕ್ಸಾ ಹಿಡಿದು ಕತ್ತರಿಸಿದವನು ನಾನೇ. ಏಪ್ರಿಲ್‌ನಲ್ಲಿ ಪಂಪ್ ಹೊಸದಾಗಿ ತಂದಾಗ ಅದರ ಪೈಪ್ ಅವನ ಬ್ಯಾರಲ್ಲಿನ ತಳಕ್ಕೆ ತಾಗಿ, ಮೇಲಿನ ಚೂಡಿ (ತಿರುಪು) ಬಾಯಿಗೆ ಕೂರದೆ ಎರಡು ಇಂಚಿಗಿಂತ ಹೆಚ್ಚು ಎತ್ತಿ ನಿಂತಿತ್ತು. ಪೈಪಿನ ಇನ್ನೊಂದು ತುದಿಯನ್ನು ಅಲುಗದಂತೆ ಹಿಡಿದು ನಿಂತವನು ಬೇರೆ ಯಾರೂ ಅಲ್ಲ, ಅವನೇ. “ಕಂಪನಿಯವರು ಪೈಪ್ ಉದ್ದ ಕೊಟ್ಟಾರ್ರಿ, ಕಡದ ಬಿಡ್ರಿ” ಎಂದಿದ್ದ. ಪೈಪ್ ಉದ್ದವಾಗಿರಲಿಲ್ಲ, ಬ್ಯಾರಲ್ ಗಿಡ್ಡವಾಗಿತ್ತು. ಕತ್ತರಿಸುವಾಗ ಅದು ಅವನಿಗೆ ಗೊತ್ತಿತ್ತು. ಈ ಸಾಲು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ.

ಅವನು ತಿರುಗಿ ಬಂದು ಇಳಿಸಿದ ಮೊದಲ ಬ್ಯಾರಲ್ಲನ್ನು ಮುಟ್ಟದೆ ಹಾಗೆಯೇ ಇಟ್ಟು, ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಳೆದೆ. ಮೈಯ ಸುತ್ತಳತೆ ಸಾಮಾನ್ಯ ಬ್ಯಾರಲ್ಲಿನದೇ, 180 ಸೆಂಟಿಮೀಟರ್. ತಗಡಿನ ದಪ್ಪ ಕಳೆದು ಒಳಗಿನ ಅಡ್ಡಳತೆ 57 ಎಂದು ಹಿಡಿದರೆ, ನೇರ ನಿಲ್ಲಿಸಿದ ಬ್ಯಾರಲ್ಲಿನಲ್ಲಿ ಒಂದೊಂದು ಸೆಂಟಿಮೀಟರ್ ಎತ್ತರಕ್ಕೆ 2.55 ಲೀಟರ್ ನಿಲ್ಲುತ್ತದೆ. ಸರಿಯಾದ ಬ್ಯಾರಲ್ಲಿನ ಒಳ ಎತ್ತರ ಸುಮಾರು 85 ಸೆಂಟಿಮೀಟರ್. ಕಂಠದವರೆಗೆ ತುಂಬಿದರೆ ಅದು 217 ಲೀಟರ್ ಹಿಡಿಯುತ್ತದೆ. 200 ಲೀಟರ್ ಹಾಕಿದಾಗ ಡೀಸೆಲ್ 78 ಸೆಂಟಿಮೀಟರಿನ ಮೇಲೆ ನಿಂತು, ಬಾಯಿಯ ಕೆಳಗೆ ಆರೂವರೆ ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಕಾವಿಗೆ ಹಿಗ್ಗಲು ಆ ಜಾಗ ಬೇಕೇ ಬೇಕು. ಅವನ ಬ್ಯಾರಲ್ಲಿನ ಒಳ ಎತ್ತರ 79.5. ಡೀಸೆಲ್ ನಿಂತಿದ್ದು 73ರಲ್ಲಿ. ಮೇಲಿನ ಖಾಲಿ ಜಾಗ ಅದೇ ಆರೂವರೆ! ನಾನು ಪ್ರತಿ ಸಲ ಮುಚ್ಚಳ ಬಿಚ್ಚಿ, ಬೆರಳು ಇಳಿಬಿಟ್ಟು, ಖಾಲಿ ಜಾಗ ಎಂದಿನಷ್ಟೇ ಇದೆ ಎಂದು ನೋಡಿ ದುಡ್ಡು ಎಣಿಸಿ ಕೊಟ್ಟಿದ್ದೆ. ಮೇಲಿನಿಂದ ನೋಡುವವನಿಗೆ ಎಲ್ಲವೂ ಸರಿಯಾಗಿ ಕಾಣುವಂತೆಯೇ ಈ ಮೋಸವನ್ನು ಹೊಂದಿಸಲಾಗಿತ್ತು.

73 ಸೆಂಟಿಮೀಟರಿಗೆ 186 ಲೀಟರ್. ತಳದ ತಗಡು ಒಳಕ್ಕೆ ಉಬ್ಬಿದ್ದರಿಂದ ಇನ್ನೊಂದು ಲೀಟರ್ ಕಡಿಮೆ. ನನ್ನ ಲೆಕ್ಕದ ಮೇಲೆ ನನಗೇ ಭರವಸೆ ಹೋಗಿದ್ದರಿಂದ ಪಕ್ಕದ ಭಂಗಾರದ (ಗುಜರಿ) ಅಂಗಡಿಯ ಕಾಟಾದ ಮೇಲೆ ಇಟ್ಟೆವು: ತುಂಬಿದ ಬ್ಯಾರಲ್ 172 ಕಿಲೋ, ಖಾಲಿಯಾದ ಮೇಲೆ 18 ಕಿಲೋ, ಒಳಗಿದ್ದದ್ದು 154 ಕಿಲೋ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ಅಂದರೆ 185 ಲೀಟರ್. 200 ಲೀಟರ್ ಇದ್ದಿದ್ದರೆ ಡೀಸೆಲ್ ಒಂದೇ 166 ಕಿಲೋ ತೂಗಬೇಕಿತ್ತು. ಎರಡು ದಾರಿಯಲ್ಲಿ ಹೋದರೂ ಉತ್ತರ ಒಂದೇ ಬಂತು. ಭಂಗಾರದವನು ಬ್ಯಾರಲ್ಲನ್ನು ನೋಡಿದ ಕೂಡಲೇ ಹೇಳಿದ, ಇದರ ಮೇಲಿನ ಅಂಚು ಕತ್ತರಿಸಿ ಹೊಸದಾಗಿ ಮಡಚಿ ಮುಚ್ಚಳ ಕೂರಿಸಿದ್ದಾರೆ ಎಂದು. ಮೈಮೇಲಿನ ಎರಡು ಉಬ್ಬು ಬಳೆಗಳು ಬ್ಯಾರಲ್ಲನ್ನು ಹೆಚ್ಚುಕಡಿಮೆ ಮೂರು ಸಮಭಾಗ ಮಾಡುತ್ತವೆ. ಇದರಲ್ಲಿ ಮೇಲಿನ ಭಾಗ ಎದ್ದು ಕಾಣುವಷ್ಟು ಗಿಡ್ಡ. ಏಳು ತಿಂಗಳು ಕಣ್ಣೆದುರಿಗೇ ಇತ್ತು.

ಕೇಳಿದಾಗ ಡೀಸೆಲಿನವನು ಒಂದಾದ ಮೇಲೊಂದು ಉತ್ತರ ಕೊಟ್ಟ. ಮೊದಲು, “ಬ್ಯಾರಲ್ ಮ್ಯಾಲ ಇನ್ನೂರಾ ಹತ್ತ ಅಂತ ಬರದದ ನೋಡ್ರಿ” ಎಂದ. ಅದು ಬ್ಯಾರಲ್ಲನ್ನು ಮೊದಲು ಆಯಿಲ್ ತುಂಬಿ ಮಾರಿದವರು ಬರೆದದ್ದು, ಕತ್ತರಿಸುವುದಕ್ಕಿಂತ ಮೊದಲಿನದು. ಆಮೇಲೆ, ಬಿಸಿಲಿಗೆ ಹಾರಿಹೋಗುತ್ತದೆ ಎಂದ. ಬಿಗಿಯಾಗಿ ಮುಚ್ಚಿದ ಬ್ಯಾರಲ್ಲಿನಿಂದ ಡೀಸೆಲ್ ಹೇಗೆ ಹಾರಿಹೋಗುತ್ತದೆ? ಆಮೇಲೆ, ಬಂಕಿನಲ್ಲಿ ಬಿಸಿಯಿದ್ದದ್ದು ರಾತ್ರಿ ತಣ್ಣಗಾಗಿ ಕುಗ್ಗುತ್ತದೆ ಎಂದ. ಕುಗ್ಗುವುದು ನಿಜ, ಆದರೆ 10 ಡಿಗ್ರಿ ತಣ್ಣಗಾದರೆ 200 ಲೀಟರಿನಲ್ಲಿ ಕುಗ್ಗುವುದು ಒಂದೂಮುಕ್ಕಾಲು ಲೀಟರಿಗಿಂತಲೂ ಕಡಿಮೆ. ಹದಿನೈದು ಲೀಟರ್ ಕುಗ್ಗಬೇಕಾದರೆ 90 ಡಿಗ್ರಿ ಇಳಿಯಬೇಕು. ಇದನ್ನು ಹೇಳಿದ ಮೇಲೆ ಅವನ ದನಿ ಬದಲಾಯಿತು. “ಇಷ್ಟ ಡೀಸೆಲ್ ಪರವಾನಗಿ ಇಲ್ಲದ ಇಟ್ಟೀರಿ, ಕಂಪ್ಲೇಂಟ್ ಮಾಡಿದ್ರ ಮೊದಲ ಒಳಗ ಹೋಗೋರು ನೀವ.” ನಾನು ಎರಡು ದಿನ ನಿದ್ದೆ ಮಾಡಲಿಲ್ಲ. ವಿಚಾರಿಸಿದಾಗ ತಿಳಿಯಿತು, 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ 1000 ಲೀಟರಿಗಿಂತ ದೊಡ್ಡದಲ್ಲದ ಪಾತ್ರೆಗಳಲ್ಲಿ ಒಟ್ಟು 2500 ಲೀಟರಿನವರೆಗೆ ಡೀಸೆಲ್ ಇಡಲು ಪರವಾನಗಿಯೇ ಬೇಕಿಲ್ಲ. ನನ್ನಲ್ಲಿ ಒಮ್ಮೆಯೂ ನಾಲ್ಕು ಬ್ಯಾರಲ್ಲಿಗಿಂತ ಹೆಚ್ಚು ಇರಲಿಲ್ಲ. ಇದನ್ನೂ ಹೇಳಿದೆ. ಅವನ ಕೊನೆಯ ಉತ್ತರ ಎರಡೇ ಶಬ್ದ: “ಬಿಲ್ ಎಲ್ಲದ?”

ಬಿಲ್ ಇಲ್ಲ. ಅರವತ್ತು ಬ್ಯಾರಲ್ಲಿಗೆ ಒಂದೂ ಬಿಲ್ ಇಲ್ಲ. ದೂರು ಬರೆಯಲು ಕುಳಿತಾಗ ನನ್ನ ಮುಂದೆ ಇದ್ದದ್ದು ನನ್ನದೇ ಕೈಬರಹದ ಡೈರಿ ಒಂದೇ.

ಆದ್ದರಿಂದ ಕೇಳಿಕೊಳ್ಳುತ್ತೇನೆ, ಬ್ಯಾರಲ್ ನಿಮ್ಮದೇ ಇರಲಿ, ಬದಲಿ ಬ್ಯಾರಲ್ ಒಪ್ಪಬೇಡಿ. ಬಂಕಿನ ಮೀಟರಿನ ಮೇಲೆ ಅನುಮಾನ ಬಂದರೆ ಅಲ್ಲಿ ಮುದ್ರೆ ಹೊಡೆದ 5 ಲೀಟರಿನ ಅಳತೆಪಾತ್ರೆ ಇರುತ್ತದೆ, ಅದರಲ್ಲಿ ಅಳೆದು ತೋರಿಸಲು ಕೇಳುವ ಹಕ್ಕು ನಿಮಗಿದೆ. ಮೀಟರ್ ಇರುವ ಗಾಡಿಯಲ್ಲಿ ಡೀಸೆಲ್ಲನ್ನು ಸೈಟಿಗೇ ತಂದು ಹಾಕುವ ಏರ್ಪಾಡನ್ನು ಇಂಡಿಯನ್ ಆಯಿಲ್ 2018ರಲ್ಲಿ ಆರಂಭಿಸಿದ್ದೇ ನಮ್ಮ ಪುಣೆಯಲ್ಲಿ. ಅದು ಗೊತ್ತಿದ್ದೂ ನಾನು ನಮ್ಮವನೆಂಬ ನಂಬಿಕೆಯಲ್ಲಿ ಇವನನ್ನೇ ಹಿಡಿದುಕೊಂಡಿದ್ದೆ. ಬಿಲ್ ಪಡೆಯಿರಿ, ಬಿಲ್ಲಿನ ಮೇಲೆ ಎಷ್ಟು ಬ್ಯಾರಲ್ ಎಂದಲ್ಲ, ಎಷ್ಟು ಲೀಟರ್ ಎಂದು ಬರೆಸಿ. ಬಿಲ್ ಕೈಯಲ್ಲಿದ್ದರೆ 1915ಕ್ಕೆ ಕರೆ ಮಾಡಿ ಗ್ರಾಹಕರ ದೂರು ಕೊಡಬಹುದು.

ಹುಡುಗನಿಗೆ ಆರು ಸಾವಿರ ಮರಳಿಸಿದೆ, ಕೈ ಮುಗಿದು ಕ್ಷಮೆ ಕೇಳಿದೆ. ಅವನು ಹಣ ತೆಗೆದುಕೊಂಡ, ಏನೂ ಮಾತನಾಡಲಿಲ್ಲ. ಈಗಲೂ ನನ್ನಲ್ಲೇ ಇದ್ದಾನೆ, ಆದರೆ ಪ್ರತಿದಿನ ಸಂಜೆ ಕೇಳದಿದ್ದರೂ ಕೋಲು ಬಿಟ್ಟು ಅಳೆದು, ಎಷ್ಟು ಸೆಂಟಿಮೀಟರ್ ಉಳಿದಿದೆ ಎಂದು ಫೋಟೋ ತೆಗೆದು ನನಗೆ ಕಳಿಸುತ್ತಾನೆ. ಡೀಸೆಲಿನವನ ಪಿಕಪ್ ಇನ್ನೂ ತಳೇಗಾಂವ ಕಡೆಗೆ ಓಡಾಡುತ್ತಿದೆ. ಅವನ ಎರಡು ಖಾಲಿ ಬ್ಯಾರಲ್ ನಾನು ಕೊಟ್ಟಿಲ್ಲ. ಚಾಕಣದ ನನ್ನ ಸೈಟಿನಲ್ಲಿ ಸರಿಯಾದ ಬ್ಯಾರಲ್ಲಿನ ಪಕ್ಕದಲ್ಲೇ ನಿಲ್ಲಿಸಿದ್ದೇನೆ, ಅನುಮಾನವಿದ್ದವರು ಟೇಪ್ ತೆಗೆದುಕೊಂಡು ಬಂದು ಅಳೆದು ನೋಡಬಹುದು.