ವಿಲಿಯಮ್ಸ್ ಕೇಳಲಾ, ಝಿಮ್ಮರ್ ಕೇಳಲಾ?

ಸಿನಿಮಾದ ಆರ್ಕೆಸ್ಟ್ರಾ ಸಂಗೀತ ಕೇಳೋದನ್ನು ಹಾಲಿವುಡ್ ಸಂಯೋಜಕರಲ್ಲಿ ಜಾನ್ ವಿಲಿಯಮ್ಸ್‌ರಿಂದ ಶುರು ಮಾಡಲಾ, ಹ್ಯಾನ್ಸ್ ಝಿಮ್ಮರ್‌ರಿಂದಲಾ ಅಂತ ಕೇಳಿದ್ದೀರಿ. ನಿಮಗೆ ಗುನುಗೋಕೆ ಟ್ಯೂನ್ ಬೇಕಾ, ಎದೆ ನಡುಗಿಸುವ ಸದ್ದು ಬೇಕಾ? ಅದನ್ನು ಮೊದಲು ಹೇಳಿ.

ಟ್ಯೂನ್ ಅಂದರೆ ವಿಲಿಯಮ್ಸ್. ‘ಜಾಸ್’ (1975) ಚಿತ್ರದ ಶಾರ್ಕ್‌ಗೆ ಎರಡೇ ಸ್ವರ ಕೊಟ್ಟರು, ಜನ ಹೆದರಲು ಅಷ್ಟೇ ಸಾಕಾಯಿತು. ‘ಸ್ಟಾರ್ ವಾರ್ಸ್’ (1977) ಸಂಗೀತ ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಅದರಲ್ಲಿ ಮುಖ್ಯ ಪಾತ್ರಗಳಿಗೆ ಒಂದೊಂದು ಟ್ಯೂನ್, ಪಾತ್ರದ ಗತಿ ಬದಲಾದರೆ ಟ್ಯೂನಿನ ಬಣ್ಣವೂ ಬದಲು, ಹಾಗಾಗಿ ಬರೀ ಆಲ್ಬಂ ಕೇಳಿದರೂ ಕತೆಯ ಜಾಡು ಸಿಗುತ್ತದೆ.

ಝಿಮ್ಮರ್ ದಾರಿಯೇ ಬೇರೆ. ಚಿಕ್ಕದೊಂದು ತುಣುಕನ್ನು ತಿರುಗಿಸಿ ತಿರುಗಿಸಿ ಮೇಲೇರಿಸುತ್ತಾರೆ. ‘ಇಂಟರ್‌ಸ್ಟೆಲ್ಲರ್’ಗೆ (2014) ಲಂಡನ್ನಿನ ಟೆಂಪಲ್ ಚರ್ಚಿನ ಪೈಪ್ ಆರ್ಗನ್ (ದೊಡ್ಡ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ಕೀಬೋರ್ಡ್ ವಾದ್ಯ) ಬಳಸಿದರು. ನೀರಿನ ಗ್ರಹದ ದೃಶ್ಯದಲ್ಲಿ ಹಿಂದೆ ಟಿಕ್ ಟಿಕ್ ಬರುತ್ತದಲ್ಲ, ಅದನ್ನು ಹಿಡಿದು ಕೂತರೆ ಉಸಿರು ಕಟ್ಟುತ್ತದೆ. ಆದರೆ ಮೊಬೈಲ್ ಸ್ಪೀಕರಿನಲ್ಲಿ ದಯವಿಟ್ಟು ಬೇಡ, ಆರ್ಗನ್ನಿನ ತಗ್ಗಿನ ಸ್ವರಗಳು ಅಲ್ಲಿ ಮಾಯ. ಒಳ್ಳೆಯ ಹೆಡ್‌ಫೋನ್ ಇಲ್ಲದಿದ್ದರೆ ಸದ್ಯಕ್ಕೆ ವಿಲಿಯಮ್ಸ್ ವಾಸಿ.

ಓದುವಾಗ, ಕೋಡ್ ಬರೆಯುವಾಗ ಹಿಂದೆ ಓಡುತ್ತಿರಲಿ ಅಂದರೆ ಝಿಮ್ಮರ್ ಸರಿ. ವಿಲಿಯಮ್ಸ್ ಪದೇ ಪದೇ ಗಮನ ಎಳೆಯುತ್ತಾರೆ, ಕೆಲಸ ಕೆಡುತ್ತದೆ.

ಕೀಬೋರ್ಡ್ ಹೊಸದಾಗಿ ಕಲಿಯುತ್ತಿದ್ದರೂ ಝಿಮ್ಮರ್ ತುಣುಕುಗಳು ಬೇಗ ಕೈಗೆ ಹತ್ತುತ್ತವೆ. ಪಿಟೀಲು ನುಡಿಸುವವರಾದರೆ ಮಾತ್ರ ‘ಷಿಂಡ್ಲರ್ಸ್ ಲಿಸ್ಟ್’ (1993) ಬಿಡಬೇಡಿ, ಅಲ್ಲಿ ವಿಲಿಯಮ್ಸ್ ಬರೆದದ್ದನ್ನು ನುಡಿಸಿರುವುದು ಹೆಸರಾಂತ ಪಿಟೀಲು ವಾದಕ ಇಟ್ಝಾಕ್ ಪರ್ಲ್‌ಮನ್.